ಲಿಬ್ರೆ ಆಫೀಸ್ ಕಂಪೈಲ್ ಮಾಡಲು ಮೂರು ದಾರಿ: ಲಿನಕ್ಸ್, ಡಬ್ಲ್ಯುಎಸ್‌ಎಲ್, ಸಿಗ್ವಿನ್

ಉಚಿತ ಆಫೀಸ್ ತಂತ್ರಾಂಶವಾದ ಲಿಬ್ರೆ ಆಫೀಸನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿದೆ (ಮೂಲ ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟಿದೆ) ಅಂದರೆ ಎಲ್ಲರೂ ಮೊದಲು ಕೇಳುವುದು "ಎಷ್ಟು ಗಂಟೆ ಹಿಡೀತು?" ಅಂತ. ಮೊದಲ ಬಿಲ್ಡ್ (ಹೀಗೆ ಕಟ್ಟುವ ಕೆಲಸ) ಯಾವ ದಾರಿಯಲ್ಲಿ ಹೋದರೂ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಶುರು ಮಾಡಿ ಮಲಗಿಬಿಡಿ, ಅಷ್ಟೇ. ನಾನು ನೋಡುವುದು ಎರಡನೇ ಬಿಲ್ಡನ್ನು. ಕೋಡಿನಲ್ಲಿ ಒಂದು ಸಾಲು ಬದಲಿಸಿದ ಮೇಲೆ ಮತ್ತೆ ರೈಟರ್ (ಲಿಬ್ರೆ ಆಫೀಸಿನಲ್ಲಿ ಪಠ್ಯ ಬರೆಯುವ ಭಾಗ) ತೆರೆಯುವ ತನಕ ಎಷ್ಟು ಹೊತ್ತು ಕಾಯಬೇಕು? ಕೆಲಸಕ್ಕೆ ಕೂತ ದಿನ ಈ ಕಾಯುವಿಕೆ ಹತ್ತಾರು ಸಲ ಬರುತ್ತದೆ. 8 ಕೋರ್, 16 ಜಿಬಿ ರ‍್ಯಾಮ್ ಇರುವ ಒಂದೇ ಲ್ಯಾಪ್‌ಟಾಪಿನಲ್ಲಿ ಮೂರೂ ದಾರಿ ಹಿಡಿದು ನೋಡಿದೆ.

ಸುಮ್ನೆ ಹೊಸ ಆವೃತ್ತಿ ಹೇಗಿದೆ ಅಂತ ನೋಡುವ ಆಸೆಯಾದರೆ ಇದ್ಯಾವುದೂ ಬೇಡ. ಡೇಲಿ ಬಿಲ್ಡ್‌ಗಳು ರೆಡಿಯಾಗಿ ಸಿಗುತ್ತವೆ, ಇಳಿಸಿಕೊಳ್ಳಿ. ಕೋಡಿಗೆ ಕೈ ಹಾಕುವವರಿಗೆ ಮಾತ್ರ ಈ ಬರಹ.

ಲಿನಕ್ಸ್‌ನಿಂದ ಶುರು ಮಾಡುತ್ತೇನೆ. ಉಬುಂಟುನಲ್ಲಿ ಬಿಲ್ಡ್-ಡೆಪ್ ಎಂಬ ಒಂದೇ ಆಪ್ಟ್ (ಪ್ಯಾಕೇಜ್ ಹಾಕುವ ಉಪಕರಣ) ಕಮಾಂಡ್ ಬೇಕಾದ ಲೈಬ್ರರಿಗಳನ್ನೆಲ್ಲ ತಂದು ಹಾಕುತ್ತದೆ. ಅದಕ್ಕೆ ಮುಂಚೆ, ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ಆಪ್ಟ್‌ಗೆ ಹೇಳುವ ಡೆಬ್-ಎಸ್‌ಆರ್‌ಸಿ ಸಾಲನ್ನು ಆನ್ ಮಾಡಿರಬೇಕು, ಇಲ್ಲದಿದ್ದರೆ ಕಮಾಂಡ್ ಅಲ್ಲೇ ಕೈ ಎತ್ತುತ್ತದೆ. ಆಮೇಲೆ ಬಿಲ್ಡಿಗೆ ಎಲ್ಲ ಅಣಿಮಾಡುವ ಆಟೋಜೆನ್, ಆಮೇಲೆ ಅದನ್ನು ಕಟ್ಟುವ ಮೇಕ್. ಆಟೋಜೆನ್‌ನ ವಿತ್-ಲ್ಯಾಂಗ್ ಆಯ್ಕೆಗೆ ಕನ್ನಡದ ಕೋಡ್ ಕೊಟ್ಟರೆ ಮೆನುಗಳೂ ಕನ್ನಡದಲ್ಲೇ ಬರುತ್ತವೆ. ಮುಗಿದ ಬಿಲ್ಡ್ ತನ್ನ ಫೋಲ್ಡರಿನೊಳಗಿಂದಲೇ ಓಡುತ್ತದೆ. ಹಾಗಾಗಿ ದಿನಾ ಬಳಸುವ ಲಿಬ್ರೆ ಆಫೀಸಿಗೆ ಏನೂ ಆಗುವುದಿಲ್ಲ. ಒಟ್ಟಿನಲ್ಲಿ ಈ ದಾರಿಯ ಬಗ್ಗೆ ದೂರಲು ಹೆಚ್ಚೇನೂ ಇಲ್ಲ.

ಡಬ್ಲ್ಯುಎಸ್‌ಎಲ್ 2 ಅಂದರೆ ವಿಂಡೋಸಿನ ಒಳಗೇ ಕೂತ ಲಿನಕ್ಸ್. ಕಮಾಂಡುಗಳೆಲ್ಲ ಅವೇ. ತೊಂದರೆ ಬರುವುದು ಎರಡು ಕಡೆ. ಒಂದು, ಸೋರ್ಸನ್ನು ಸಿ ಡ್ರೈವಿನಲ್ಲಿ ಇಟ್ಟರೆ ಬಿಲ್ಡ್ ತೆವಳುತ್ತದೆ. ಒಂದೊಂದು ಫೈಲ್ ಓದುವಾಗಲೂ ವಿಂಡೋಸ್ ಮತ್ತು ಲಿನಕ್ಸ್ ನಡುವಿನ ಗಡಿ ದಾಟಬೇಕು, ಇಲ್ಲಿ ಫೈಲುಗಳಿಗೆ ಲೆಕ್ಕವೇ ಇಲ್ಲ. ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಇಡಿ. ಇನ್ನೊಂದು ರ‍್ಯಾಮ್. ಡಬ್ಲ್ಯುಎಸ್‌ಎಲ್ ತಾನಾಗಿ ತೆಗೆದುಕೊಳ್ಳುವುದು ಯಂತ್ರದ ರ‍್ಯಾಮಿನ ಅರ್ಧ. ನನ್ನಲ್ಲಿ 8 ಜಿಬಿ. ಎಂಟು ಸಿ++ ಫೈಲುಗಳು ಒಟ್ಟಿಗೆ ಕಂಪೈಲ್ ಆಗುವಾಗ ಅದು ಸಾಲುವುದಿಲ್ಲ. ಬಿಲ್ಡ್ ಅರ್ಧದಲ್ಲಿ ನಿಲ್ಲುತ್ತದೆ. ಪರದೆಯ ಮೇಲೆ ಸಿಸಿ1ಪ್ಲಸ್ (ಸಿ++ ಕಂಪೈಲರ್) "ಕಿಲ್ಡ್" ಅಂತ ಒಂದೇ ಸಾಲು, ಯಾಕೆ ಅಂತ ಇಲ್ಲ. ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ, ಮೆಮೊರಿ ಮುಗಿದಿದೆ ಅಷ್ಟೇ. ಡಬ್ಲ್ಯುಎಸ್‌ಎಲ್-ಕಾನ್ಫಿಗ್ ಫೈಲಿನಲ್ಲಿ ಮಿತಿ ಏರಿಸಿ, ಇಲ್ಲವೇ ಒಟ್ಟಿಗೆ ಎಷ್ಟು ಫೈಲ್ ಕಂಪೈಲ್ ಆಗಬೇಕು ಅನ್ನುವ ಪ್ಯಾರಲೆಲಿಸಂ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಿ. ಬಿಲ್ಡ್ ಆದ ಮೇಲೆ ಕನ್ನಡ ಟೈಪ್ ಮಾಡಿದರೆ ಬರೀ ಚೌಕಗಳು ಕಾಣಬಹುದು. ಅಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಲೋಹಿತ್, ನವಿಲು ಎರಡೂ ಬರುವ ಫಾಂಟ್ ಪ್ಯಾಕೇಜ್ ಹಾಕಿಕೊಂಡರೆ ಸರಿಹೋಗುತ್ತದೆ.

ಡಬ್ಲ್ಯುಎಸ್‌ಎಲ್‌ನಲ್ಲಿ ಹೀಗೆ ತಯಾರಾಗುವುದು ಲಿನಕ್ಸ್ ಆವೃತ್ತಿ. ಅದರ ಕಿಟಕಿ ವಿಂಡೋಸ್ ಡೆಸ್ಕ್‌ಟಾಪಿನಲ್ಲೇ ತೆರೆಯುತ್ತದೆ ಅಂತ ಮೋಸ ಹೋಗಬಾರದು.

ನಿಜವಾದ ವಿಂಡೋಸ್ ಆವೃತ್ತಿಗೆ ನಾನು ಬಳಸಿದ್ದು ವಿಷುಯಲ್ ಸ್ಟುಡಿಯೋ ಮತ್ತು ಸಿಗ್ವಿನ್ ಜೋಡಿ. ಕಂಪೈಲರ್ ವಿಷುಯಲ್ ಸ್ಟುಡಿಯೋದ್ದು. ಶೆಲ್, ಪರ್ಲ್, ಸೆಡ್ ಥರದ ಸಣ್ಣಪುಟ್ಟ ಉಪಕರಣಗಳು ಸಿಗ್ವಿನ್‌ದು. ನಿಧಾನವಾಗುವುದು ಈ ಎರಡನೆಯದರಿಂದ. ಯುನಿಕ್ಸ್‌ನಲ್ಲಿ ಹೊಸ ಪ್ರೋಸೆಸ್ ಹುಟ್ಟಿಸುವ ಫೋರ್ಕ್ ಅನ್ನುವುದು ವಿಂಡೋಸಿನಲ್ಲಿ ಇಲ್ಲ, ಸಿಗ್ವಿನ್ ಅದನ್ನು ಕಷ್ಟಪಟ್ಟು ನಕಲು ಮಾಡುತ್ತದೆ. ಆಟೋಜೆನ್ ಅಂದರೆ ಸಾವಿರಾರು ಪುಟ್ಟ ಪುಟ್ಟ ಪ್ರೋಸೆಸ್‌ಗಳು. ಲಿನಕ್ಸ್‌ನಲ್ಲಿ ನೀರು ಕುಡಿದು ಬರುವಷ್ಟರಲ್ಲಿ ಮುಗಿಯುವ ಕೆಲಸ ಇಲ್ಲಿ ಊಟ ಮುಗಿಸಿ ಬಂದರೂ ನಡೆಯುತ್ತಿತ್ತು. ಎರಡು ಉಪಾಯ ಮಾಡಿದ ಮೇಲೆ ಸಹಿಸುವಂತಾಯಿತು. ಸಿಗ್ವಿನ್‌ನ ಮೇಕ್ ಬಿಟ್ಟು, ವಿಂಡೋಸಿಗೆಂದೇ ಕಂಪೈಲ್ ಮಾಡಿದ ಮೇಕ್ ಹಾಕಿದೆ. ಸೋರ್ಸ್ ಫೋಲ್ಡರನ್ನು ಆಂಟಿವೈರಸ್‌ನ ಕಣ್ಣಿನಿಂದ ಹೊರಗಿಟ್ಟೆ. ಇನ್ನೊಂದು ಮಾತು: ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬೇಡವೇ ಬೇಡ. ಗಿಟ್‌ನಲ್ಲಿ (ಕೋಡ್ ಇಳಿಸಿ ಅದರ ಬದಲಾವಣೆಗಳನ್ನು ದಾಖಲಿಸುವ ಉಪಕರಣ) ಸಾಲಿನ ಕೊನೆಯ ಗುರುತನ್ನು ಬದಲಿಸುವ ಆಟೋ-ಸಿಆರ್‌ಎಲ್‌ಎಫ್ ಆಫ್ ಇರಲಿ.

ಈಗ ಎರಡನೇ ಬಿಲ್ಡಿಗೆ ಬರೋಣ. ರೈಟರ್ ಇರುವುದು ಎಸ್‌ಡಬ್ಲ್ಯು ಎಂಬ ಮಾಡ್ಯೂಲಿನಲ್ಲಿ. ಸ್ಟಾರ್‌ರೈಟರ್ ಕಾಲದ ಹೆಸರು ಅದು, ಇನ್ನೂ ಹಾಗೇ ಉಳಿದಿದೆ. ಅದರೊಳಗೆ ಪಠ್ಯ ಜೋಡಿಸುವ ಒಂದು ಫೈಲಿನಲ್ಲಿ ಸಾಲೊಂದನ್ನು ಬದಲಿಸಿ, ಆ ಮಾಡ್ಯೂಲ್ ಒಂದನ್ನೇ ಬಿಲ್ಡ್ ಮಾಡಿದೆ. ಲಿನಕ್ಸ್‌ನಲ್ಲಿ ಅರ್ಧ ನಿಮಿಷದೊಳಗೆ ರೈಟರ್ ತೆರೆಯಿತು. ಡಬ್ಲ್ಯುಎಸ್‌ಎಲ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ, ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಸಿಗ್ವಿನ್ ದಾರಿಯಲ್ಲಿ ಕೆಲವು ನಿಮಿಷ. ಅದರಲ್ಲಿ ಕಂಪೈಲ್ ಆಗಿದ್ದು ಒಂದೇ ಫೈಲ್, ಮಿಕ್ಕಿದ್ದೆಲ್ಲ ಏನು ಬದಲಾಗಿದೆ ಅಂತ ಹುಡುಕುವ ಹೊತ್ತು. ಕೆಲವು ನಿಮಿಷ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಅಷ್ಟರಲ್ಲಿ ಕೈ ಫೋನಿಗೆ ಹೋಗುತ್ತದೆ, ಯೋಚನೆ ಎಳೆ ತಪ್ಪುತ್ತದೆ. ಹೆಡರ್ ಫೈಲ್ ಮುಟ್ಟಿದರೆ ಮಾತ್ರ ಮೂರು ಕಡೆಯೂ ಅಷ್ಟೇ: ಅದನ್ನು ಬಳಸುವ ಫೈಲುಗಳೆಲ್ಲ ಮತ್ತೆ ಕಂಪೈಲ್ ಆಗಬೇಕು. ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಕೊಡುವ ಸಿಸಿಕ್ಯಾಷ್ ಇದ್ದರೂ ಆಗ ಉಪಯೋಗಕ್ಕೆ ಬರುವುದಿಲ್ಲ. ಕೋಡಿನ ಒಂದು ಬ್ರಾಂಚಿನಿಂದ (ಕವಲಿನಿಂದ) ಇನ್ನೊಂದಕ್ಕೆ ಹೋಗಿ ವಾಪಸ್ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಅದರ ಡಿಫಾಲ್ಟ್ ಮಿತಿ 5 ಜಿಬಿ, ಈ ಪ್ರಾಜೆಕ್ಟಿಗೆ ಅದು ಏನೇನೂ ಸಾಲದು.

ಕಂಪೈಲ್ ಆದ ತುಣುಕುಗಳನ್ನು ಕೊನೆಗೆ ಜೋಡಿಸುವ ಲಿಂಕರ್ ಬದಲಿಸಿದ್ದು ಕಂಪೈಲರ್ ಬದಲಿಸಿದ್ದಕ್ಕಿಂತ ಹೆಚ್ಚು ಲಾಭ ಕೊಟ್ಟಿತು. ಜಿಸಿಸಿ ಆಗಲಿ ಕ್ಲ್ಯಾಂಗ್ ಆಗಲಿ ವೇಗದಲ್ಲಿ ನನಗೆ ದೊಡ್ಡ ಭೇದ ಕಾಣಲಿಲ್ಲ. ಹಳೆಯ ಲಿಂಕರ್ ಬಿಟ್ಟು ಎಲ್‌ಎಲ್‌ಡಿ ಹಾಕಿದಾಗ ಕೊನೆಯ ಹಂತ ಥಟ್ಟನೆ ಮುಗಿಯತೊಡಗಿತು. ಡಿಬಗ್ ಮಾಹಿತಿ ಎಸ್‌ಡಬ್ಲ್ಯುಗೆ ಮಾತ್ರ ಸಾಕು ಅಂತ ಸಿಂಬಲ್ಸ್ ಆಯ್ಕೆಯಲ್ಲಿ ಹೇಳಿದರೆ ಡಿಸ್ಕೂ ಉಳಿಯುತ್ತದೆ. ಆದರೂ ನಾನು ಕ್ಲ್ಯಾಂಗ್‌ಗೇ ಅಂಟಿಕೊಂಡಿದ್ದೇನೆ. ಕೋಡಿನ ತಪ್ಪು ಹಿಡಿಯಲು ಲಿಬ್ರೆ ಆಫೀಸಿನವರೇ ಬರೆದ ಕಂಪೈಲರ್ ಪ್ಲಗಿನ್‌ಗಳು ಓಡುವುದು ಅದರ ಮೇಲೆ ಮಾತ್ರ. ಕೋಡ್ ಪರಿಶೀಲಿಸುವ ತಾಣವಾದ ಗೆರಿಟ್‌ಗೆ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದಾಗ ಅಲ್ಲಿ ಅವು ಹೇಗೂ ಹಿಡಿಯುತ್ತವೆ, ಮನೆಯಲ್ಲೇ ಸಿಕ್ಕಿಬಿದ್ದರೆ ಒಳ್ಳೇದು ಅಲ್ವಾ?

ಯಾರಿಗೆ ಯಾವುದು ಅನ್ನುವುದು ಯಾವ ತೊಂದರೆ ಸರಿಮಾಡಲು ಹೊರಟಿದ್ದೀರಿ ಅನ್ನುವುದರ ಮೇಲೆ ನಿಂತಿದೆ. "ಸೂರ್ಯ" ಅಂತ ಬರೆದರೆ ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುತ್ತಿದೆ, ಒತ್ತಕ್ಷರದ ನಡುವೆ ಕರ್ಸರ್ ಸಿಕ್ಕಿಕೊಳ್ಳುತ್ತಿದೆ ಅನ್ನುವಂಥದ್ದಾದರೆ ಲಿನಕ್ಸ್ ಸಾಕು. 2017ರಲ್ಲಿ ಬಂದ ಲಿಬ್ರೆ ಆಫೀಸ್ 5.3ರಿಂದ ಎಲ್ಲ ಸಿಸ್ಟಂಗಳಲ್ಲೂ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಒಂದೇ. ಅದಕ್ಕೆ ಮುಂಚೆ ವಿಂಡೋಸಿನದ್ದು ಬೇರೆ, ಮ್ಯಾಕಿನದ್ದು ಬೇರೆ ಇತ್ತು. ಕೀಬೋರ್ಡಿನ ತೊಂದರೆಯಾದರೆ ಈ ಮಾತು ನಡೆಯುವುದಿಲ್ಲ. ವಿಂಡೋಸಿನಲ್ಲಿ ಕನ್ನಡ ಟೈಪಿಂಗ್ ಬರುವ ಹಾದಿಯೇ ಬೇರೆ, ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್ ಬೇರೆ. ಅಲ್ಲಿ ವಿಂಡೋಸ್ ಬಿಲ್ಡ್ ಬಿಟ್ಟು ಗತಿಯಿಲ್ಲ. ನಾನು ಸಿಗ್ವಿನ್ ಬಿಲ್ಡಿನ ಫೋಲ್ಡರನ್ನು ಅಳಿಸದೆ ಇಟ್ಟುಕೊಂಡಿರುವುದು ಅದಕ್ಕಾಗಿಯೇ. ಉಳಿದ ಪ್ಯಾಚ್‌ಗಳು ವಿಂಡೋಸಿನಲ್ಲಿ ಕಂಪೈಲ್ ಆಗುತ್ತವೋ ಇಲ್ಲವೋ ಅನ್ನುವುದನ್ನು ಗೆರಿಟ್‌ನ ಹಿಂದಿರುವ ಜೆಂಕಿನ್ಸ್ ತಾನೇ ನೋಡಿ ಹೇಳುತ್ತದೆ.

ಕರೆಂಟ್ ಹೋಗಿಬರುವ ಊರಿನಲ್ಲಿ ಇರುವವರಿಗೆ ಇನ್ನೊಂದು ವಿಷಯ. ಮೇಕ್ ಮಧ್ಯದಲ್ಲಿ ನಿಂತರೆ ಚಿಂತೆಯಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಗಿಟ್ ಕ್ಲೋನ್ (ಕೋಡನ್ನೆಲ್ಲ ಇಳಿಸಿಕೊಳ್ಳುವುದು) ಹಾಗಲ್ಲ, ಕಡಿದುಹೋದರೆ ಮೊದಲಿನಿಂದ ಇಳಿಸಬೇಕು. ಡೆಪ್ತ್ 1 ಕೊಟ್ಟು ಮೊದಲು ಇತ್ತೀಚಿನ ಕೋಡನ್ನಷ್ಟೇ ತನ್ನಿ. ಹಳೆಯ ಇತಿಹಾಸವನ್ನು ಆಮೇಲೆ ಡೀಪನ್ ಆಯ್ಕೆಯಿಂದ ಸ್ವಲ್ಪ ಸ್ವಲ್ಪವೇ ತರಿಸಿಕೊಳ್ಳಬಹುದು.