ಗುಂಡೇಟಿನ ಗಾಯದ ಸಿಲಿಕೋನ್ ಮಾದರಿಗಳು: ಹಣೆಯದ್ದು ಬೊಂಬಾಟ್, ಎದೆಯದ್ದು ಉಲ್ಟಾ

ಎಂಬಿಬಿಎಸ್ ಹುಡುಗರಿಗೆ ಪಾಠ ಮಾಡಲು ನಮ್ಮ ಫೊರೆನ್ಸಿಕ್ ವಿಭಾಗಕ್ಕೆ ಈ ಸೆಟ್ ತರಿಸಿದೆವು. ಕಂಪನಿ ಹೆಸರು ಬೇಡ ಬಿಡಿ.

ಹಣೆಗೆ ನಳಿಗೆ ಒತ್ತಿ ಹಾರಿಸಿದ ಗಾಯದ ಮಾದರಿ ನಿಜಕ್ಕೂ ಸೂಪರ್. ಗುಂಡಿನ ಹಿಂದೆಯೇ ನುಗ್ಗುವ ಬಿಸಿ ಗ್ಯಾಸ್ ಚರ್ಮಕ್ಕೂ ಬುರುಡೆಗೂ ನಡುವೆ ಸಿಕ್ಕಿಕೊಂಡು ಚರ್ಮವನ್ನು ಉಬ್ಬಿಸುತ್ತದಲ್ವಾ, ಆಗ ಅದು ನಕ್ಷತ್ರದ ಹಾಗೆ ಸೀಳುತ್ತದೆ. ಆ ಸೀಳನ್ನು ಬೆರಳಲ್ಲಿ ಬಿಡಿಸಿದರೆ ಒಳಗೆ ಮೂಳೆಯ ಮೇಲೂ ಮಸಿ ಕಾಣುತ್ತದೆ. ಸುತ್ತಲ ಮಾಂಸಕ್ಕೆ ಆ ಗ್ಯಾಸ್‌ನಲ್ಲಿನ ಕಾರ್ಬನ್ ಮೊನಾಕ್ಸೈಡ್ ತಾಗಿದ ಚೆರ್ರಿ ಕೆಂಪು ಬಣ್ಣವನ್ನೂ ಕೊಟ್ಟಿದ್ದಾರೆ. ಬುರುಡೆಯ ತೂತು ಹೊರಗೆ ಚಿಕ್ಕದು, ಒಳಗೆ ಅಗಲ. ಸರಿಯಾಗೇ ಇದೆ. ಗುಂಡು ಒಳಹೋದ ಗಾಯ ಚಿಕ್ಕದು, ಹೊರಬಂದದ್ದು ದೊಡ್ಡದು ಅಂತ ಉರು ಹೊಡೆದು ಬಂದವರ ಕೈಗೆ ಇದನ್ನು ಕೊಡಬೇಕು. ಇಲ್ಲಿ ಚರ್ಮ ಸೀಳಿದ್ದರಿಂದ ಒಳಹೋದ ಗಾಯವೇ ದೊಡ್ಡದು!

ತಕರಾರು ಇರುವುದು ಎದೆಯ ಮಾದರಿ ಬಗ್ಗೆ. ಹತ್ತಿರದಿಂದ ಹಾರಿಸಿದಾಗ ಮಸಿ ಚರ್ಮದ ಮೇಲೆ ಸುಮ್ನೆ ಕೂತಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಪೂರ್ತಿ ಉರಿಯದ ಮದ್ದಿನ ಕಣಗಳು ಚರ್ಮಕ್ಕೆ ಚುಚ್ಚಿ ಮಾಡಿದ ಚುಕ್ಕೆಗಳು ಎಷ್ಟು ಒರೆಸಿದರೂ ಹೋಗಲ್ಲ. ಇದೇ ತಾನೇ ನಾವು ಕಲಿಸಬೇಕಾದದ್ದು? ಈ ಮಾದರಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದರೆ ಚುಕ್ಕೆ ಮಾಯ, ಮಸಿ ಮಾತ್ರ ಗಟ್ಟಿ. ಕಂಪನಿಯವರನ್ನು ಕೇಳಿದರೆ, ಒಣಬಟ್ಟೆ ಬಳಸಿ ಸರ್ ಅಂದರು.

ಜೊತೆಗೆ ಬಂದ ಚಾರ್ಟ್‌ನಲ್ಲಿ ಪಿಸ್ತೂಲಿನ ಮಸಿ 30 ಸೆಂ.ಮೀ. ದೂರದವರೆಗೆ, ಚುಕ್ಕೆ 60 ಸೆಂ.ಮೀ. ದೂರದವರೆಗೆ ಬೀಳುತ್ತದೆ ಅಂತ ಗೆರೆ ಎಳೆದ ಹಾಗೆ ಬರೆದಿದ್ದಾರೆ. ಅಂದಾಜಿಗೆ ಓಕೆ. ಆದರೆ ಆಯುಧ, ನಳಿಗೆಯ ಉದ್ದ, ತೋಟಾ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ಲ್ಯಾಬಿನವರು ಅದೇ ಬಂದೂಕು, ಅದೇ ಥರದ ತೋಟಾ ಬಳಸಿ ಬೇರೆ ಬೇರೆ ದೂರದಿಂದ ಹಾರಿಸಿ ಹೋಲಿಸುವುದು. ಇನ್ನು ಬಟ್ಟೆಯ ಸುದ್ದಿಯೇ ಇಲ್ಲ. ಅಂಗಿ ಅಡ್ಡ ಬಂದರೆ ಮಸಿಯೆಲ್ಲ ಅದರ ಮೇಲೇ ಉಳಿದು ಚರ್ಮ ಸ್ವಚ್ಛವಾಗಿ ಕಾಣಬಹುದು. ಅಂಗಿ ನೋಡದೆ ದೂರದಿಂದ ಹೊಡೆದದ್ದು ಅಂತ ಬರೆದುಬಿಟ್ಟರೆ ಕೋರ್ಟಿನಲ್ಲಿ ಬೆವರಬೇಕಾಗುತ್ತದೆ.

ಚರೆ ಕೋವಿಯ ಗಾಯವೂ ಸೆಟ್‌ನಲ್ಲಿಲ್ಲ. ಕೊಡಗು, ಮಲೆನಾಡಿನಲ್ಲಿ ಕೆಲಸಕ್ಕೆ ಹೋಗುವವರು ಪಿಸ್ತೂಲಿಗಿಂತ ಕೋವಿಯ ಗಾಯವನ್ನೇ ಮೊದಲು ನೋಡಬಹುದು. ತೀರಾ ಹತ್ತಿರದಿಂದ ಹೊಡೆದರೆ ಚರೆಗಳು ಚದುರದೆ ಒಂದೇ ದೊಡ್ಡ ತೂತಾಗುತ್ತದೆ, ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆಯೂ ಗಾಯದೊಳಗೆ ಸಿಗಬಹುದು. ಇದನ್ನು ಬಿಟ್ಟು ಸೆಟ್ ಮಾಡಿದ್ದು ಯಾಕೋ.

ಹಣೆಯದ್ದು ಬಿಡಿಯಾಗಿ ಕೊಟ್ಟರೆ ಕಣ್ಣುಮುಚ್ಚಿ ತಗೊಳ್ಳಿ. ಪೂರ್ತಿ ಸೆಟ್ ಬೇಡ. ಎದೆಯದ್ದಕ್ಕೆ ಒಳ್ಳೆಯ ಫೋಟೋ ಸಾಕು.