ಹೋರಿ ವೀರ್ಯದಿಂದ ಹರಡೋ ಸೋಂಕು: ಕಲ್ಚರ್ ಮಾಡ್ಸೋದಾ, ಪಿಸಿಆರ್ ಮಾಡ್ಸೋದಾ?

ಕ್ಯಾಂಪೈಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇರೋ ಹೋರಿ ನೋಡೋಕೆ ಗಟ್ಟಿಮುಟ್ಟಾಗೇ ಇರತ್ತೆ, ಆದ್ರೆ ಹಸುಗಳು ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರ್ತಾನೇ ಇರ್ತವೆ, ಅದಕ್ಕೇ ಟೆಸ್ಟ್ ಬೇಕೇ ಬೇಕು. ಕಲ್ಚರ್ (ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋದು), ಪಿಸಿಆರ್ (ಅದರ ಡಿಎನ್‌ಎ ಹುಡುಕೋದು) ಎರಡಕ್ಕೂ ಸ್ಯಾಂಪಲ್ ಒಂದೇ, ಮುಂದೊಗಲಿನೊಳಗೆ ಸಲೈನ್ ಬಿಟ್ಟು ಚೆನ್ನಾಗಿ ನೀವಿ ವಾಪಸ್ ತೆಗೆದ ಮಬ್ಬು ನೀರು. ಕಲ್ಚರಲ್ಲಿ ಬೆಳೆದ್ರೆ ಜೀವಂತ ಬ್ಯಾಕ್ಟೀರಿಯಾ ಇದೆ ಅಂತ ಖಾತ್ರಿ, ಆದ್ರೆ ಇದು ಗಾಳಿಯ ಆಕ್ಸಿಜನ್‌ಗೇ ಸಾಯೋ ಜಾತಿ, ಲ್ಯಾಬಿಗೆ ಹೋಗೋದು ಲೇಟಾದ್ರೆ ಬೇರೆ ಬ್ಯಾಕ್ಟೀರಿಯಾಗಳೇ ತುಂಬ್ಕೊಂಡು ಸೋಂಕಿದ್ರೂ ನೆಗೆಟಿವ್ ಅಂತ ಬಂದ್ಬಿಡತ್ತೆ. ಪಿಸಿಆರ್ ಬೇಗ ಆಗತ್ತೆ, ಬ್ಯಾಕ್ಟೀರಿಯಾ ಸತ್ತಿದ್ರೂ ಹಿಡಿಯತ್ತೆ, ಆದ್ರೆ ಕೆಲವು ಸಲ ಹತ್ತಿರದ ಜಾತಿಯನ್ನೂ ಪಾಸಿಟಿವ್ ಅಂದ್ಬಿಡತ್ತೆ. ಲ್ಯಾಬ್ ದೂರ ಇದ್ರೆ ನಾನಂತೂ ಪಿಸಿಆರ್ ಅಂತೀನಿ. ಒಂದೇ ಒಂದು ನೆಗೆಟಿವ್ ನಂಬ್ಬೇಡಿ, ವಾರಕ್ಕೊಂದರಂತೆ 3 ಸಲ ಮಾಡ್ಸಿ, ವಯಸ್ಸಾದ ಹೋರಿಗಂತೂ ದಯವಿಟ್ಟು ತಪ್ಪಿಸ್ಲೇಬೇಡಿ.