ಸಿಫಿಲಿಸ್‌ಗೆ ಯಾವ ರಕ್ತಪರೀಕ್ಷೆ? ವಿಡಿಆರ್‌ಎಲ್, ಆರ್‌ಪಿಆರ್, ಟಿಪಿಎಚ್‌ಎ, ಸ್ಟ್ರಿಪ್

ಸಿಫಿಲಿಸ್ ಎಂಬ ಲೈಂಗಿಕ ರೋಗ ಹಿಡಿಯುವ ಈ ನಾಲ್ಕು ರಕ್ತಪರೀಕ್ಷೆಗಳನ್ನೂ ಲ್ಯಾಬಿನಲ್ಲಿ ಬಳಸಿ ನೋಡಿದ ಮೇಲೆ ನಮ್ಮ ಒಲವು ಆರ್‌ಪಿಆರ್ ಕಡೆಗೆ. ಆದರೆ ಅದೊಂದನ್ನೇ ನಂಬಿ ವರದಿ ಬರೆಯುವಂತಿಲ್ಲ.

ವಿಡಿಆರ್‌ಎಲ್ 1946ರಷ್ಟು ಹಳೆಯದು, ಅಗ್ಗ, ಆದರೆ ಕೆಲಸ ಜಾಸ್ತಿ. ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಬೇಕು. ಅದಕ್ಕೆ ಬೆರೆಸುವ ಆ್ಯಂಟಿಜೆನ್ (ಪ್ರತಿಕಾಯಗಳು ಬಂದು ಅಂಟುವ ವಸ್ತು) ಎಮಲ್ಶನ್ ತಾಜಾ ಆಗಿರಬೇಕು. ಸ್ಲೈಡನ್ನು ನಿಮಿಷಕ್ಕೆ 180 ಸುತ್ತಿನಂತೆ 4 ನಿಮಿಷ ತಿರುಗಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ದಿನಕ್ಕೆ ನಾಲ್ಕೈದು ಸ್ಯಾಂಪಲ್ ಬರುವ ಲ್ಯಾಬಿಗೆ ಇಷ್ಟೆಲ್ಲ ಏಕೆ? ಮೆದುಳುಬಳ್ಳಿಯ ದ್ರವಕ್ಕೆ ಮಾತ್ರ ಇದನ್ನು ಬಿಡುವಂತಿಲ್ಲ.

ಆರ್‌ಪಿಆರ್‌ನ ಆ್ಯಂಟಿಜೆನ್‌ನಲ್ಲೂ ವಿಡಿಆರ್‌ಎಲ್‌ನಲ್ಲಿರುವ ಅದೇ ಕೊಬ್ಬಿನಂಥ ವಸ್ತುಗಳು: ಕಾರ್ಡಿಯೊಲಿಪಿನ್, ಲೆಸಿಥಿನ್, ಕೊಲೆಸ್ಟ್ರಾಲ್. ಜೊತೆಗೆ ಇದ್ದಿಲ ಪುಡಿ ಇರುವುದರಿಂದ ಕಣಗಳು ಗುಂಪುಗಟ್ಟುವುದು ಬರಿಗಣ್ಣಿಗೇ ಕಾಣುತ್ತದೆ. ಕೋಲಿನ್ ಕ್ಲೋರೈಡ್ ಇರುವುದರಿಂದ ಸೀರಮ್ ಕಾಯಿಸಬೇಕಿಲ್ಲ, ಪ್ಲಾಸ್ಮಾ ಕೂಡ ನಡೆಯುತ್ತದೆ. 50 ಮೈಕ್ರೋಲೀಟರ್ ಸೀರಮ್ಮನ್ನು ವೃತ್ತದ ತುಂಬ ಹರಡಿ, ಒಂದು ಹನಿ ಆ್ಯಂಟಿಜೆನ್ ಬಿಟ್ಟು, ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ ತಿರುಗಿಸಿ, ತಡಮಾಡದೆ ಓದಿ. ಎಡವಟ್ಟಾಗುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲೇ. ಆ್ಯಂಟಿಜೆನ್ ಹನಿಸುವ ಸೂಜಿ ಒಂದು ಎಂ.ಎಲ್.ಗೆ 60 ಹನಿ ಬಿಡಬೇಕು. ತುದಿ ಬಾಗಿದ್ದರೆ ಹನಿಯ ಅಳತೆ ತಪ್ಪುತ್ತದೆ. ಫ್ರಿಜ್‌ನಿಂದ ತೆಗೆದ ಆ್ಯಂಟಿಜೆನ್ 23ರಿಂದ 29 ಡಿಗ್ರಿಗೆ ಬರುವ ಮೊದಲೇ ಬಳಸಿದರೆ ಪ್ರತಿಕ್ರಿಯೆ ಮಂಕಾಗುತ್ತದೆ. ಮುಚ್ಚಳವಿಲ್ಲದೆ ತಿರುಗಿಸಿದರೆ ಅಂಚು ಒಣಗಿ ಸುಳ್ಳು ಕಣಗಳು ಕಾಣುತ್ತವೆ.

ಎಡವುವ ಇನ್ನೊಂದು ಜಾಗ ಪ್ರೋಜೋನ್. ಎರಡನೇ ಹಂತದ ರೋಗಿಯಲ್ಲಿ ಪ್ರತಿಕಾಯಗಳು ವಿಪರೀತವಾಗಿ, ತೆಳುಗೊಳಿಸದ ಸೀರಮ್ ನೆಗೆಟಿವ್ ಅಥವಾ ತುಸು ಒರಟಾಗಿ ಕಾಣಬಹುದು. ಅಂಗೈ, ಅಂಗಾಲಿನಲ್ಲಿ ದದ್ದು ಇದ್ದು ಪರೀಕ್ಷೆ ನೆಗೆಟಿವ್ ಬಂದರೆ ಸೀರಮ್ಮನ್ನು 1:16ಕ್ಕೆ ತೆಳುಗೊಳಿಸಿ ಮತ್ತೆ ಹಾಕಿ.

ಕಾರ್ಡಿಯೊಲಿಪಿನ್ ಈ ರೋಗಾಣುವಿಗೆ ಮಾತ್ರ ಸೇರಿದ್ದಲ್ಲ, ಹಾಗಾಗಿ ಲೂಪಸ್, ಕುಷ್ಠ, ಮಲೇರಿಯಾ, ಕೆಲವೊಮ್ಮೆ ಗರ್ಭಾವಸ್ಥೆಯಲ್ಲೂ ವಿಡಿಆರ್‌ಎಲ್, ಆರ್‌ಪಿಆರ್ ಎರಡೂ ಸುಳ್ಳು ಪಾಸಿಟಿವ್ ತೋರಿಸಬಹುದು. ಇಲ್ಲಿ ಟಿಪಿಎಚ್‌ಎ ಬೇಕು: ಟ್ರೆಪೊನೆಮಾ (ಸಿಫಿಲಿಸ್ ರೋಗಾಣು) ಆ್ಯಂಟಿಜೆನ್ ಅಂಟಿಸಿದ ಕೆಂಪು ರಕ್ತಕಣಗಳು ಪ್ಲೇಟಿನ ಸಣ್ಣ ಕುಳಿಯ, ಅಂದರೆ ಬಾವಿಯ, ತಳದಲ್ಲಿ ಹಾಸಿನಂತೆ ಹರಡಿದರೆ ಪಾಸಿಟಿವ್, ಅಂಗಿಯ ಗುಂಡಿಯಂತೆ ಒಂದೆಡೆ ಕುಳಿತರೆ ನೆಗೆಟಿವ್. ಆ್ಯಂಟಿಜೆನ್ ಅಂಟಿಸದ ಕಂಟ್ರೋಲ್ ಕಣಗಳ ಬಾವಿಯೂ ಹರಡಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಪ್ಲೇಟಿನ ಪಕ್ಕದಲ್ಲಿ ಸೆಂಟ್ರಿಫ್ಯೂಜ್ ಓಡಿಸಬೇಡಿ, ಅದುರಿದರೆ ಗುಂಡಿ ಚದುರುತ್ತದೆ. ಚಿಕಿತ್ಸೆಯಾದ ಮೇಲೂ ಇದು ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುವುದರಿಂದ ಗುಣವಾಯಿತೇ ಎಂದು ತಿಳಿಯಲು ಇದು ನೆರವಾಗದು.

ಗೆರೆ ಮೂಡುವುದನ್ನು ನೋಡಿ ಫಲಿತಾಂಶ ಹೇಳುವ ಸ್ಟ್ರಿಪ್‌ಗೂ ಇದೇ ಮಿತಿ. ಆದರೂ ಬೆರಳ ರಕ್ತ, ಕಾಲು ಗಂಟೆ ಸಾಕು, ಕರೆಂಟು ಬೇಡ. ಮತ್ತೆ ಬರುವ ಖಾತ್ರಿಯಿಲ್ಲದ ಗರ್ಭಿಣಿಗೆ ಅವತ್ತೇ ಪೆನಿಸಿಲಿನ್ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ. ಅವಧಿ ಮೀರಿ ಮೂಡಿದ ಗೆರೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

ಚಿಕಿತ್ಸೆ ಫಲಿಸಿತೇ ಎಂದು ನೋಡಲು ಆರ್‌ಪಿಆರ್ ಟೈಟರ್ (ಎಷ್ಟು ತೆಳುಗೊಳಿಸುವವರೆಗೂ ಪಾಸಿಟಿವ್ ಬರುತ್ತದೆ ಎಂಬ ಅಳತೆ) ನಾಲ್ಕು ಪಟ್ಟು ಇಳಿಯಬೇಕು, ಅಂದರೆ 1:32 ಇದ್ದದ್ದು 1:8. ಮೊದಲು ವಿಡಿಆರ್‌ಎಲ್, ಆಮೇಲೆ ಆರ್‌ಪಿಆರ್ ಮಾಡಿ ಹೋಲಿಸಿದರೆ ಆ ಲೆಕ್ಕ ನಡೆಯುವುದಿಲ್ಲ.